ಇಲ್ಲದ ಸ್ಟಾಪು

ವ್ಯಾನು ನಿಂತಿತು. ಎರಡು ಸಲ ಹಾರ್ನು ಕೂಗಿತು, ಚಿಕ್ಕದಾಗಿ, ಮನೆಯೊಳಗಿದ್ದ ಯಾರನ್ನೋ ಕರೆದಂತೆ. ಡ್ರೈವರ್ ಗುಂಡಿ ಒತ್ತಿದ. ಎಡಗಡೆಯ ದೊಡ್ಡ ಬಾಗಿಲು ತಾನಾಗಿ ಸರಿದು ತೆರೆದುಕೊಂಡಿತು. ಹೊರಗೆ ಶಟರ್ ಎಳೆದ ಟೈರಂಗಡಿ, ಉರಿಯಲೋ ಬೇಡವೋ ಎಂದು ಮಿಣುಕುವ ಟ್ಯೂಬ್‌ಲೈಟು, ಅದರ ಕೆಳಗೆ ಮುದುಡಿ ಮಲಗಿದ ನಾಯಿ. ನಾಯಿ ತಲೆಯೆತ್ತಿ ನೋಡಿತು. ತನಗೆ ಸಂಬಂಧಪಟ್ಟದ್ದಲ್ಲ ಎಂದು ಮತ್ತೆ ತಲೆ ಇಟ್ಟಿತು.

"ಯಾಕಣ್ಣಾ, ಒಂದಕ್ಕಾ?" ಹಿಂದಿನ ಸೀಟಿನಿಂದ ಡ್ರೈವರನ ತಮ್ಮ ಕೇಳಿದ. ಕ್ಷೌರದಂಗಡಿ ಇಟ್ಟುಕೊಂಡವನು, ನಿದ್ದೆಯಲ್ಲೂ ಅವನ ಬಾಯಿಗೆ ರಜೆಯಿಲ್ಲ. "ನಿಲ್ಲಿಸಿದ್ದು ಪುಣ್ಯ ಬಂತು. ನಂದು ಕೊರಳವರೆಗೂ ತುಂಬಿತ್ತು."

ಅವನು ಇಳಿದು ಟೈರಂಗಡಿಯ ಪಕ್ಕದ ಕತ್ತಲಿಗೆ ಹೋದ. ಸರಿಯಾಗಿ ಒಂದು ನಿಮಿಷವಾಗಿರಬೇಕು, ಬಾಗಿಲು ಮುಚ್ಚಿಕೊಂಡಿತು. ವ್ಯಾನು ಹೊರಟಿತು.

"ಅಪ್ಪಾ! ಚಿಕ್ಕಪ್ಪ ಹೊರಗೇ ಇದಾರೆ!" ಮಗಳು ಕಿರುಚಿದಳು.

ವ್ಯಾನು ಮತ್ತೆ ನಿಂತಿತು. ತಮ್ಮ ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ಓಡಿಬಂದ. "ಏನಣ್ಣಾ, ಒಡಹುಟ್ಟಿದವನನ್ನ ನಾಯಿ ಪಾಲಿಗೆ ಬಿಟ್ಟು ಹೊರಟೇಬಿಟ್ಟೆಯಲ್ಲ! ನನ್ನ ಪಾಲಿನ ಬ್ರೆಡ್ಡೂ ತಿಂದುಬಿಡೋ ಪ್ಲಾನಾ?" ಎಂದ. ಮಗಳು ನಕ್ಕಳು, ಅವಳ ನಗು ಕೇಳಿ ನಿದ್ದೆಗಣ್ಣಿನ ಚಿಕ್ಕ ಮಗನೂ ನಕ್ಕ. ಸಂಜೆಯಿಂದ ತುಟಿ ಬಿಚ್ಚದ ಡ್ರೈವರನ ತಾಯಿ ಕೂಡ ಸೆರಗು ಬಾಯಿಗೆ ಒತ್ತಿಕೊಂಡಳು. ಎಲ್ಲರೂ ನಕ್ಕು ಮುಗಿಸಿದ ಮೇಲೆ ಡ್ರೈವರ್ ನಕ್ಕ.

ಹೆಂಡತಿ ನಗಲಿಲ್ಲ. ಆ ಹಾರ್ನು ಅವಳಿಗೆ ಗೊತ್ತು. ಹೊಲಿಗೆ ಕಾರ್ಖಾನೆಯಲ್ಲಿ ಅವಳದು ದಾರ ಕತ್ತರಿಸುವ ಕೆಲಸ. ಅದೇ ಕಾರ್ಖಾನೆಯ ಹೆಂಗಸರನ್ನು ತರುವ, ಬಿಡುವ ಈ ಹದಿನೇಳು ಸೀಟಿನ ವ್ಯಾನು ಗಂಡನದು. ಗಂಡನದು ಎಂದರೆ ಓಡಿಸುವುದಷ್ಟೇ. ಹನ್ನೊಂದು ಸ್ಟಾಪು, ಒಂದೊಂದರಲ್ಲೂ ಎರಡು ಹಾರ್ನು, ತೆರೆದ ಬಾಗಿಲು, ಒಂದೇ ಒಂದು ನಿಮಿಷ. ನಿಮಿಷ ಮೀರಿದರೆ ಸ್ಟೀರಿಂಗಿನ ಕೆಳಗೆ ಅಂಟಿಸಿದ ಡಬ್ಬಿ ಆಫೀಸಿಗೆ ಚಾಡಿ ಹೇಳುತ್ತದೆ. ತಲೆ ಬಾಚುತ್ತ, ಚಪ್ಪಲಿ ಕೈಯಲ್ಲಿ ಹಿಡಿದು ಓಡಿಬರುವ ಹೆಂಗಸರು ಅವನಿಗೆ 'ಒಂದ್ನಿಮಿಷ' ಎಂದೇ ಹೆಸರಿಟ್ಟಿದ್ದರು. ಹೊರಡುವ ಮುನ್ನ ಅವನು ಕನ್ನಡಿಯಲ್ಲಿ ತಲೆ ಎಣಿಸುತ್ತಾನೆ, ತುಟಿ ಮಾತ್ರ ಆಡಿಸುತ್ತ. ಟೈರಂಗಡಿಯ ಮುಂದೆಯೂ ಎಣಿಸಿದ್ದ. ಅವನ ತುಟಿ ಆಡಿದ್ದನ್ನು ಅವಳು ಪಕ್ಕದ ಸೀಟಿನಿಂದ ಕಣ್ಣಾರೆ ಕಂಡಿದ್ದಳು.

"ರೀ, ಹಾರ್ನು ಯಾರಿಗೆ ಹೊಡೆದ್ರಿ?" ತಗ್ಗಿದ ದನಿಯಲ್ಲಿ ಕೇಳಿದಳು.

"ಯಾವ ಹಾರ್ನು?"

"ಈಗ. ಅಂಗಡಿ ಮುಂದೆ."

"ಇವನೇ ಒಂದಕ್ಕೆ ನಿಲ್ಲಿಸು ಅಂದ, ನಿಲ್ಲಿಸ್ದೆ. ಹಾರ್ನು ಯಾಕೆ ಹೊಡೀಲಿ? ನಿಂಗೆ ನಿದ್ದೆಗಣ್ಣು, ಮಲ್ಕೊ."

ಅವಳು ಅವನ ಮುಖ ನೋಡಿದಳು. ಅವನು ಸುಳ್ಳು ಹೇಳುತ್ತಿರಲಿಲ್ಲ. ಹೊಡೆದದ್ದು ಅವನಿಗೇ ಗೊತ್ತಿರಲಿಲ್ಲ.

"ಸ್ವಲ್ಪ ಹೊತ್ತು ಪಕ್ಕಕ್ಕೆ ಹಾಕಿ ಕಣ್ಣು ಮುಚ್ಚಿ."

"ಹದಿನಾಲ್ಕು ವರ್ಷದಿಂದ ಸ್ಟೀರಿಂಗ್ ಹಿಡಿದಿದ್ದೀನಿ ಕಣೆ. ನನಗೆ ಪಾಠ ಹೇಳ್ತೀಯಾ?"

"ಅಪಶಕುನ ಆಡಬೇಡ್ವೇ," ಹಿಂದಿನಿಂದ ಅತ್ತೆ. "ಅವನು ಓಡಿಸ್ತಾನೆ. ಒಂಬತ್ತಕ್ಕೆ ಅವಳನ್ನ ಒಳಗೆ ಕರ್ಕೊಂಡು ಹೋಗ್ತಾರಂತೆ."

ಅವಳು ಎಂದರೆ ಅತ್ತೆಯ ದೊಡ್ಡ ಮಗಳು. ದೂರದ ಊರಿನ ಆಸ್ಪತ್ರೆಯಲ್ಲಿ ಮಲಗಿದ್ದಳು. ಹೊಟ್ಟೆಯಲ್ಲಿ ಗಡ್ಡೆ, ಕೊಯ್ದು ನೋಡಿದ ಮೇಲೆಯೇ ಹೇಳಬಹುದು ಎಂದು ಡಾಕ್ಟರು ಕೈ ತೊಳೆದುಕೊಂಡಿದ್ದರು. ಹಿಂದಿನ ದಿನ ಫೋನಿನಲ್ಲಿ ಅವಳು ಕೇಳಿದ್ದು ಒಂದೇ ಮಾತು: "ಅಮ್ಮಾ, ಒಳಗೆ ಹೋಗೋ ಮುಂಚೆ ಒಂದ್ಸಲ ನಿನ್ನ ಮುಖ ತೋರ್ಸು."

ಡ್ರೈವರ್ ಮೂರು ದಿನ ರಜೆ ಕೇಳಿದ್ದ. ಮ್ಯಾನೇಜರ್ ರಜೆ ಕೊಡಲಿಲ್ಲ, ವ್ಯಾನು ಕೊಟ್ಟ. ನಾಳೆ ಕಾರ್ಖಾನೆಗೆ ವಾರದ ರಜೆ, ರಾತ್ರಿ ಹೊರಡು, ನೋಡಿಕೊಂಡು ಬಾ, ನಾಡಿದ್ದು ಬೆಳಗಿನ ಪಾಳಿಗೆ ಗಾಡಿ ಗೇಟಿನಲ್ಲಿರಬೇಕು ಎಂದ. "ದೇವರಂಥ ಮನುಷ್ಯ" ಎಂದು ಡ್ರೈವರ್ ಮನೆಯಲ್ಲಿ ಮೂರು ಸಲ ಹೇಳಿದ್ದ. ಆ ದೇವರಂಥ ಮನುಷ್ಯ ಹಿಂದಿನ ರಾತ್ರಿ ಇನ್ನೊಬ್ಬ ಡ್ರೈವರ್ ಬಂದಿಲ್ಲವೆಂದು ಇವನಿಂದ ಎರಡು ಪಾಳಿ ಓಡಿಸಿದ್ದ, ಹಗಲಿಗೆ ಮತ್ತೆ ಎರಡು. ಹೊಲಿಗೆ ಯಂತ್ರಕ್ಕೆ ವಾರಕ್ಕೊಮ್ಮೆ ಎಣ್ಣೆ ಬಿಡುತ್ತಾರೆ. ವ್ಯಾನಿಗೆ ತಿಂಗಳಿಗೊಮ್ಮೆ ಸರ್ವೀಸು, ತಪ್ಪಿದರೆ ಡ್ರೈವರನಿಗೆ ದಂಡ. ಓಡಿಸುವವನಿಗೆ ಏನು ಎಂದು ಯಾರಾದರೂ ಕೇಳಿದರೆ ಮ್ಯಾನೇಜರ್ ಗೋಡೆಯ ಗಡಿಯಾರ ನೋಡುತ್ತಾನೆ. ಎರಡು ದಿನದಿಂದ ಡ್ರೈವರ್ ನೆಲಕ್ಕೆ ಬೆನ್ನು ಹಚ್ಚಿರಲಿಲ್ಲ.

ಹೆಂಡತಿ ಮಾತಿಗೆ ಇಳಿದಳು. ಬಾಯಿಗೆ ಬಂದದ್ದನ್ನೆಲ್ಲ ಕೇಳಿದಳು. ಮಗಳ ಶಾಲೆಯ ಹೊಸ ಮೇಷ್ಟ್ರು ಹೇಗೆ, ಮನೆಯ ನಲ್ಲಿ ಯಾವಾಗ ರಿಪೇರಿ ಮಾಡಿಸುತ್ತೀರಿ, ಮದುವೆಗೆ ಮುಂಚೆ ನೋಡಿ ಬೇಡ ಎಂದಿದ್ದ ಹುಡುಗಿ ಈಗ ಎಲ್ಲಿದ್ದಾಳೆ.

"ಯಾವ ಹುಡುಗಿ?"

"ಉದ್ದ ಜಡೆಯವಳು."

"ಅವಳೇ ನನ್ನ ಬೇಡ ಅಂದಿದ್ದು ಕಣೆ."

"ಜಾಣೆ," ಎಂದಳು. ಅವನು ನಕ್ಕ. ಅವಳಿಗೆ ಸ್ವಲ್ಪ ಧೈರ್ಯ ಬಂತು. ಕಿಟಕಿ ಇಳಿಸಿದಳು, ಅತ್ತೆ ಚಳಿ ಎಂದಾಗ ಏರಿಸಿದಳು, ಮತ್ತೆ ಇಳಿಸಿದಳು. ಒದ್ದೆ ಬಟ್ಟೆ ಅವನ ಕತ್ತಿಗೆ ಒತ್ತಿದಳು. ಎದುರಿನ ಲಾರಿಗಳ ಬೆಳಕು ಬಂದಾಗಲೆಲ್ಲ ಅವನ ಕಣ್ಣನ್ನೇ ನೋಡಿದಳು. ಕಣ್ಣು ತೆರೆದೇ ಇರುತ್ತಿತ್ತು. ಅದನ್ನು ನೋಡಿಯೇ ಅವಳ ಜೀವ ಹಾರುತ್ತಿದ್ದುದು. ನಲ್ಲಿಯ ವಿಷಯ ಎರಡನೆಯ ಸಲ ಕೇಳಿದಾಗ ಅವನು "ಹ್ಞೂಂ" ಎಂದ. ಮೂರನೆಯ ಸಲ ಅದೂ ಇಲ್ಲ.

ನಾಲ್ಕೂವರೆ ದಾಟಿತ್ತು. ಹೆದ್ದಾರಿ ಉದ್ದಕ್ಕೆ ಬಿದ್ದಿತ್ತು, ಅಕ್ಕಪಕ್ಕ ಮನೆಯಿಲ್ಲ, ಅಂಗಡಿಯಿಲ್ಲ. ವೇಗ ಮೆಲ್ಲನೆ ಇಳಿಯಿತು. ರಸ್ತೆಯ ನಡುವೆಯೇ ವ್ಯಾನು ನಿಂತಿತು. ಎರಡು ಹಾರ್ನು. ಬಾಗಿಲು ಸರಿಯಿತು, ತಣ್ಣನೆಯ ಗಾಳಿ ಒಳಗೆ ನುಗ್ಗಿತು.

"ಗುಂಡಿ ಹೊಲಿಯೋ ಸೆಕ್ಷನ್‌ನವರು ಬಂದಿಲ್ಲ," ಡ್ರೈವರ್ ಕನ್ನಡಿ ನೋಡುತ್ತ ಹೇಳಿದ. ದಿನನಿತ್ಯದ ದನಿ, ಸ್ಪಷ್ಟವಾಗಿ. "ಮೂರು ಜನ ಕಮ್ಮಿ."

"ರೀ!"

ಹಿಂದಿನಿಂದ ಲಾರಿಯೊಂದು ಬೊಬ್ಬಿಡುತ್ತ ಬಂತು. ಅದರ ಬೆಳಕು ವ್ಯಾನಿನ ಒಳಗನ್ನೆಲ್ಲ ತುಂಬಿತು: ಮಕ್ಕಳ ತೆರೆದ ಬಾಯಿ, ಅತ್ತೆಯ ಕೈ, ಖಾಲಿ ಸೀಟುಗಳ ಸಾಲು. ಅದು ಪಕ್ಕಕ್ಕೆ ಹೊರಳಿ ಉಜ್ಜಿದಷ್ಟು ಹತ್ತಿರದಲ್ಲಿ ಹಾದುಹೋಯಿತು. ವ್ಯಾನು ನಿಂತಲ್ಲೇ ತೂಗಿತು.

"ಗಾಡಿ ತೆಗೀರಿ! ಪಕ್ಕಕ್ಕೆ ತೆಗೀರಿ!" ಅವಳು ಅವನ ತೋಳು ಹಿಡಿದು ಅಲುಗಾಡಿಸಿದಳು. ಅವನು ಎಚ್ಚೆತ್ತವನಂತೆ ಸುತ್ತ ನೋಡಿ ಗೇರು ಹಾಕಿದ. ಮುಂದೆ ಲಾರಿ ತೂಗುವ ಕಟ್ಟೆಯೊಂದರ ಬಯಲಿತ್ತು. ಅಲ್ಲಿಗೆ ತಿರುಗಿಸಿ ನಿಲ್ಲಿಸಿದ. ನಿಲ್ಲಿಸಿದ್ದೇ ತಡ, ಅವಳು ಕೈ ಚಾಚಿ ಕೀ ಕಿತ್ತುಕೊಂಡು ಕೆಳಗಿಳಿದಳು.

ಒಳಗೆ ಮಗ ಅಳತೊಡಗಿದ. ಡ್ರೈವರ್ ಇಳಿದು ಬಂದ, ಕಾಲು ತುಸು ತಡವರಿಸುತ್ತಿತ್ತು.

"ಕೀ ಕೊಡು."

"ಕೊಡಲ್ಲ."

"ಎಲ್ಲರ ಮುಂದೆ ಮರ್ಯಾದೆ ತೆಗೀಬೇಡ. ಕೊಡು."

"ಇದು ಎಷ್ಟನೇ ಸ್ಟಾಪು? ಹೇಳಿ, ಕೊಡ್ತೀನಿ."

ಅವನು ಬಾಯಿ ತೆರೆದ. ಬಯಲನ್ನು ನೋಡಿದ, ತೂಕದ ಕಟ್ಟೆ ನೋಡಿದ, ರಸ್ತೆ ನೋಡಿದ. ಬಾಯಿ ಮುಚ್ಚಿಕೊಂಡ.

ಅತ್ತೆ ಮೆಟ್ಟಿಲು ಹಿಡಿದು ಇಳಿದುಬಂದಳು. "ಹೊರಟ್ರೆ ಮೂರು ಗಂಟೆ ದಾರಿ. ಎಂಟಕ್ಕೆ ಅವಳ ಹತ್ರ ಇರ್ತೀವಿ. ನಿನ್ನ ಹೆತ್ತವಳು ಅಲ್ಲಿದ್ದಿದ್ರೆ ಹೀಗೆ ಕೀ ಹಿಡ್ಕೊಂಡು ನಿಲ್ತಿದ್ದೆಯೇನೇ?"

"ನಿಲ್ತಿದ್ದೆ ಅತ್ತೆ. ನಿಮ್ಮ ಮಗಳು ಮುಖ ತೋರ್ಸು ಅಂದ್ಲು. ಆರು ಹೆಣ ಕಳ್ಸಿ ಅನ್ನಲಿಲ್ಲ."

"ಥೂ, ಬಾಯಿ ನೋಡು!" ಅತ್ತೆ ಕಿರಿ ಮಗನ ಕಡೆ ತಿರುಗಿದಳು. "ನೀನಾದ್ರೂ ಗಾಡಿ ಓಡಿಸೋದು ಕಲೀಬಾರ್ದಾಗಿತ್ತೇನೋ!"

"ನಂಗೆ ಸ್ಕೂಟರ್ ಬಿಟ್ರೆ ಕತ್ತರಿ, ಬಾಚಣಿಗೆ ಅಷ್ಟೇ ಅಮ್ಮಾ. ಇದನ್ನ ನಾನು ಓಡಿಸಿದ್ರೆ ಆಸ್ಪತ್ರೆಗೇನೋ ನೆಟ್ಟಗೆ ಹೋಗ್ತೀವಿ. ಅಕ್ಕನ ಪಕ್ಕದ ಮಂಚಕ್ಕೆ." ಯಾರೂ ನಗಲಿಲ್ಲ. ಅವನು ಕೆಮ್ಮಿ ಲೆಕ್ಕಕ್ಕೆ ಇಳಿದ. "ಈಗ ನಾಲ್ಕೂ ಮುಕ್ಕಾಲು. ಅಣ್ಣ ಒಂದು ಗಂಟೆ ಮಲಗಿದ್ರೆ ಐದೂ ಮುಕ್ಕಾಲು. ಎಂಟೂ ಮುಕ್ಕಾಲಿಗೆ ಅಲ್ಲಿರ್ತೀವಿ. ಅದರ ಮೇಲೆ ಕಾಲು ಗಂಟೆ ಆದ್ರೂ ಅಕ್ಕ ಒಳಗೆ ಹೋಗಿರ್ತಾಳೆ."

ಅತ್ತೆ ರಸ್ತೆಯ ಕಡೆ ನೋಡಿದಳು. "ಒಂದೇ ಗಂಟೆ," ಎಂದಳು. "ಗಂಟೆ ಆದ ತಕ್ಷಣ ಎಬ್ಬಿಸೋಳು ನಾನು. ನೀನಲ್ಲ."

"ಆಗಲಿ ಅತ್ತೆ."

ಡ್ರೈವರ್ ವ್ಯಾನು ಹತ್ತಿದ. ಹಿಂದಿನ ಉದ್ದ ಸೀಟಿನಲ್ಲಿ ಕುಳಿತ, ಒರಗಿದ, ಅಷ್ಟೇ. ಚಪ್ಪಲಿ ಕಳಚುವಷ್ಟೂ ಅವಕಾಶ ನಿದ್ದೆ ಕೊಡಲಿಲ್ಲ.

ಕಾಲು ಗಂಟೆಯೊಳಗೆ ಡ್ಯಾಶ್‌ಬೋರ್ಡಿನ ಮೇಲಿದ್ದ ಅವನ ಫೋನು ಬಡಿದುಕೊಂಡಿತು. ಆಫೀಸು. ಅವನಿಗೆ ಎಚ್ಚರವಾಗದಿರಲಿ ಎಂದು ಹೆಂಡತಿ ಎತ್ತಿಕೊಂಡು ದೂರ ಹೋದಳು.

"ಹದಿನೈದು ನಿಮಿಷದಿಂದ ಗಾಡಿ ನಿಂತಿದೆ. ಏನಾಯ್ತು?" ರಾತ್ರಿ ಪಾಳಿಯ ಗುಮಾಸ್ತನ ದನಿ.

"ಗಾಡಿಗೆ ಏನೂ ಆಗಿಲ್ಲ. ಡ್ರೈವರ್ ಮಲಗಿದ್ದಾರೆ."

"ಮಲಗಿದ್ದಾನಾ? ದಾರಿ ಮಧ್ಯೆ ಗಾಡಿ ನಿಲ್ಲಿಸೋಕೆ ಯಾರು ಪರ್ಮಿಷನ್ ಕೊಟ್ಟಿದ್ದು?"

"ನಾನು."

"ನೀವ್ಯಾರಮ್ಮ?"

"ಒಂದನೇ ಸ್ಟಾಪಿನವಳು. ದಾರ ಕತ್ತರಿಸೋ ಸೆಕ್ಷನ್."

ಆ ಕಡೆ ಕೀಲಿಮಣೆಯ ಸದ್ದು. "ನೋಡಿ, ಇದನ್ನ ನಾನು ರಿಪೋರ್ಟಿಗೆ ಹಾಕ್ಲೇಬೇಕು. ನನ್ನ ಕೆಲಸ ಅದು."

"ಹಾಕಿ. ಬರೆಯೋವಾಗ ಮೊನ್ನೆ ರಾತ್ರಿಯಿಂದ ಎಷ್ಟು ಪಾಳಿ ಓಡಿಸಿದ್ದಾರೆ, ಅದನ್ನೂ ಬರೀರಿ. ನಿಮ್ಮ ಡಬ್ಬೀಲಿ ಇರತ್ತಲ್ಲ. ನಿಂತಿದ್ದು ಮಾತ್ರ ಇರತ್ತಾ, ಓಡಿದ್ದೂ ಇರತ್ತಾ?"

ಕೀಲಿಮಣೆಯ ಸದ್ದು ನಿಂತಿತು. "ನಾನೂ ನೆನ್ನೆಯಿಂದ ಇಲ್ಲೇ ಕೂತಿದ್ದೀನಿ ಅಕ್ಕಾ," ಎಂದು ಗುಮಾಸ್ತ ಫೋನು ಇಟ್ಟ.

ಅವಳು ತಿರುಗಿದಾಗ ಅತ್ತೆ ಹಿಂದೆಯೇ ನಿಂತಿದ್ದಳು. "ಕೆಲಸ ಹೋಗತ್ತಾ?" ಕೇಳಿದಳು.

"ಹೋದ್ರೂ ಹೋಗಬಹುದು. ಇಬ್ಬರದೂ."

ಅತ್ತೆ ತೂಕದ ಕಟ್ಟೆಯ ಮೇಲೆ ಹೋಗಿ ಕುಳಿತಳು, ಎದ್ದಳು, ಬಯಲಿನ ಆ ತುದಿಯಿಂದ ಈ ತುದಿಗೆ ನಡೆದಳು. ಹಾದುಹೋಗುವ ಒಂದೊಂದು ಗಾಡಿಯೂ ಮಗಳಿದ್ದ ಊರಿನ ಕಡೆಗೇ ಹೋಗುತ್ತಿರುವಂತೆ ಅದರ ಹಿಂಬದಿಯ ಕೆಂಪು ದೀಪವನ್ನು ಕಣ್ಮರೆಯಾಗುವತನಕ ನೋಡಿದಳು. ಮತ್ತೆ ಮತ್ತೆ ಕಿರಿ ಮಗನ ಕೈ ಹಿಡಿದು ತಿರುಗಿಸಿ ಗಡಿಯಾರ ನೋಡಿದಳು.

"ಕೈ ಮುರೀಬೇಡಮ್ಮಾ, ಅದು ಅದರ ಪಾಡಿಗೆ ತಿರುಗತ್ತೆ," ಎಂದ ಅವನು.

ಐದೂ ಮುಕ್ಕಾಲಾಯಿತು. ಯಾರೂ ಹೇಳಬೇಕಾಗಿರಲಿಲ್ಲ, ಅತ್ತೆ ಆಗಲೇ ಮೆಟ್ಟಿಲ ಮೇಲೆ ಕಾಲಿಟ್ಟಿದ್ದಳು. ಹೆಂಡತಿ ಕೀ ಹಿಡಿದುಕೊಂಡು ಕೆಳಗೆ ನಿಂತಳು. ಮಾತು ಮಾತೇ.

ಅತ್ತೆ ಸೀಟುಗಳನ್ನು ಹಿಡಿದುಕೊಳ್ಳುತ್ತ ಹಿಂದಕ್ಕೆ ಹೋದಳು. ದೊಡ್ಡ ಮಗ ಬಾಯಿ ತೆರೆದು ಮಲಗಿದ್ದ, ಹತ್ತು ವರ್ಷದವನಾಗಿದ್ದಾಗ ಮಲಗುತ್ತಿದ್ದಂತೆ. ಭುಜ ಮುಟ್ಟಲು ಬಗ್ಗಿದಳು. ಆಗ ಅವನ ಕಾಲು ಕಂಡಿತು. ಮುಂದಿನ ಸೀಟಿನ ಬೆನ್ನಿಗೆ ಆನಿಸಿದ್ದ ಬಲಗಾಲು ಅದನ್ನು ಒತ್ತುತ್ತಿತ್ತು, ಬಿಡುತ್ತಿತ್ತು. ಮತ್ತೆ ಒತ್ತುತ್ತಿತ್ತು. ಬ್ರೇಕು ಹಾಕುತ್ತಿದ್ದ. ನಿದ್ದೆಯಲ್ಲೂ ಅವನನ್ನು ಯಾರೋ ಓಡಿಸುತ್ತಿದ್ದರು.

ಚಾಚಿದ ಕೈ ಹಾಗೆಯೇ ನಿಂತಿತು. ಬಹಳ ಹೊತ್ತು ನಿಂತಿತು. ಆಮೇಲೆ ಆ ಕೈ ಅವನ ಪಾದದ ಮೇಲೆ ಇಳಿಯಿತು, ಮಕ್ಕಳನ್ನು ತಟ್ಟಿ ಮಲಗಿಸುವಂತೆ ಒಂದೆರಡು ಸಲ ತಟ್ಟಿತು. ಒತ್ತುವುದು ನಿಧಾನವಾಯಿತು. ನಿಂತಿತು.

ಅತ್ತೆ ಕೆಳಗಿಳಿದು ಬಂದಳು. ಹೆಂಡತಿ ಕೀ ಚಾಚಿದಳು. ಅತ್ತೆ ಅದನ್ನು ನೋಡಲಿಲ್ಲ. "ಫೋನ್ ಹಚ್ಚಿ ಕೊಡೋ, ನಿಮ್ಮಕ್ಕನಿಗೆ," ಎಂದು ಕಿರಿ ಮಗನಿಗೆ ಹೇಳಿದಳು. ಫೋನು ಹಿಡಿದು ಬಯಲಿನ ಅಂಚಿಗೆ ಹೋದಳು. ಏನು ಹೇಳಿದಳೋ, ಆ ಕಡೆಯಿಂದ ಏನು ಬಂತೋ ಕೇಳಿಸಲಿಲ್ಲ. ಇವರಿಗೆ ಕಂಡದ್ದು ಅವಳ ಬೆನ್ನು ಮಾತ್ರ. ಅದು ಒಮ್ಮೆ ಬಾಗಿ ಮತ್ತೆ ನೆಟ್ಟಗಾಯಿತು.

ಬಯಲಿನಾಚೆ ಬೆಳಕು ಹರಿಯಿತು. ಸೂರ್ಯ ಒಮ್ಮೆಲೇ ಮೇಲೆ ಬಂದು ವ್ಯಾನಿನ ಹಿಂಬದಿಯ ಗಾಜಿಗೆ ಬಿದ್ದ, ಗಾಜಿನಿಂದ ಡ್ರೈವರನ ಮುಖಕ್ಕೆ. ಅವನು ಮುಖ ಕಿವುಚಿ ಮಗ್ಗುಲು ಬದಲಿಸಲು ನೋಡಿದ.

ಅತ್ತೆ ಮೈಮೇಲಿನ ಶಾಲು ತೆಗೆದಳು. ವ್ಯಾನಿನ ಹಿಂದೆ ಗಾಜಿಗೆ ಬೆನ್ನು ಕೊಟ್ಟು ನಿಂತು, ಎರಡೂ ಕೈಯೆತ್ತಿ ಅದನ್ನು ಅಗಲವಾಗಿ ಹಿಡಿದಳು. ಒಳಗೆ ಅವನ ಮುಖದ ಮೇಲೆ ನೆರಳು ಬಿತ್ತು.

"ಒಂದು ತುದಿ ನಂಗೆ ಕೊಡಿ ಅತ್ತೆ."

"ನೀನು ಹೋಗು, ಮಕ್ಕಳಿಗೆ ಏನಾದ್ರೂ ತಿನ್ಸು," ಎಂದಳು ಅತ್ತೆ, ರಸ್ತೆಯಿಂದ ಕಣ್ಣು ಕೀಳದೆ.

ಗಾಡಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಸೂರ್ಯ ಒಂದು ಗೇಣು ಮೇಲೇರಿದ. ಅವಳ ಕೈಗಳೂ ಒಂದು ಗೇಣು ಮೇಲೇರಿದವು.