ಹೇಳಿ ಕಳಿಸ್ತೀನಿ

ನನ್ನ ತಮ್ಮನಿಗೆ ಎದುರಿನವರ ಮನಸ್ಸು ಅರ್ಥವಾಗುವುದಿಲ್ಲ ಎಂದು ಡಾಕ್ಟರ್ ಹೇಳುತ್ತಾರೆ. ಸ್ಕಿಜೋಫ್ರೇನಿಯಾ ಇರುವ ಎಷ್ಟೋ ಜನಕ್ಕೆ ಹೀಗಾಗುತ್ತದಂತೆ. ಕಿವಿಯೊಳಗಿನ ದನಿಗಳು ಮಾತ್ರೆಗೆ ತಗ್ಗುತ್ತವೆ. ಆದರೆ ಎದುರಿನವರ ಹುಬ್ಬು, ಕೆಮ್ಮು, ಅರ್ಧ ನಗು, ಬಾಯಿ ಬಿಟ್ಟು ಹೇಳದ ಮಾತು ಇವೆಲ್ಲ ತಲೆಗೆ ಹತ್ತುವುದಿಲ್ಲವಂತೆ. ಇರಬಹುದು. ಅವೆಲ್ಲ ಅರ್ಥವಾಗುವವರು ಎಂಥ ಘನಂದಾರಿಗಳು ಅನ್ನುವುದನ್ನು ನಾನೂ ಕಣ್ಣಾರೆ ಕಂಡೆ.

ಆರು ವರ್ಷದಿಂದ ಅವನು ಒಂದು ಬೈಂಡಿಂಗ್ ಅಂಗಡಿಯಲ್ಲಿದ್ದ. ಹಾಳೆ ಮಡಚುವುದು, ದಾರ ಹಾಕಿ ಹೊಲಿಯುವುದು, ರಟ್ಟು ಅಂಟಿಸುವುದು. ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ಐದಕ್ಕೆ ಬರುತ್ತಿದ್ದ. ತನ್ನ ತಟ್ಟೆ ತಾನೇ ತೊಳೆಯುತ್ತಿದ್ದ, ಹೊತ್ತಿಗೆ ಸರಿಯಾಗಿ ಮಲಗುತ್ತಿದ್ದ. ಆ ಕೆಲಸವೇ ಅವನಿಗೆ ಅರ್ಧ ಔಷಧಿ, ತಪ್ಪಿದರೆ ಮತ್ತೆ ಆಸ್ಪತ್ರೆಯೇ ಗತಿ ಎಂದು ಡಾಕ್ಟರ್ ನನಗೆ ಹೇಳಿಯೇ ಇದ್ದರು.

ಆ ಅಂಗಡಿಯಲ್ಲೊಂದು ರೂಢಿ. ಗಿರಾಕಿ ಬಂದು ಕೇಳಿದರೆ, ಕೆಲಸ ಶುರುವೇ ಆಗದಿದ್ದರೂ "ಅಂಟು ಒಣಗ್ತಿದೆ, ಎರಡು ದಿನ ಬಿಟ್ಟು ಬನ್ನಿ" ಎನ್ನಬೇಕು. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ, ನೋಡಿ ಕಲಿಯಬೇಕು. ಮಾಲೀಕ ಊಟಕ್ಕೆ ಹೋಗಿದ್ದಾಗ ಒಬ್ಬ ಮೇಷ್ಟ್ರು ಬಂದು, ಬೈಂಡಿಂಗಿಗೆ ಕೊಟ್ಟ ಪುಸ್ತಕಗಳು ಆದವಾ ಎಂದು ಕೇಳಿದ್ದಾರೆ. ನನ್ನ ತಮ್ಮ, "ನಿಮ್ಮ ಕಟ್ಟು ಇನ್ನೂ ಬಿಚ್ಚೇ ಇಲ್ಲ ಸಾರ್, ಇಪ್ಪತ್ತು ದಿನದಿಂದ ಏಣಿ ಕೆಳಗೇ ಇದೆ" ಎಂದು ಹೇಳಿ, ಧೂಳು ಒರೆಸಿ ತಂದು ಕೈಗೂ ಕೊಟ್ಟಿದ್ದಾನೆ. ಮೇಷ್ಟ್ರು ರಸ್ತೆಗೆಲ್ಲ ಕೇಳುವಂತೆ ಕೂಗಾಡಿ ಕಟ್ಟು ಹೊತ್ತುಕೊಂಡು ಹೋದರು.

ಮರುದಿನ ಮಾಲೀಕ ಮಾತಿಗೆ ಬೆಣ್ಣೆ ಸವರುತ್ತಾ, "ನೀನು ಸ್ವಲ್ಪ ದಿನ ರೆಸ್ಟ್ ತಗೋಪ್ಪಾ. ಕೆಲಸ ಬಂದಾಗ ಹೇಳಿ ಕಳಿಸ್ತೀನಿ" ಎಂದ. ಕೆಲಸ ಬಂದಾಗಂತೆ! ಹೊಲಿಯದ ಹಾಳೆ ಸೂರು ಮುಟ್ಟಿತ್ತು ಅಲ್ಲಿ. ಜೊತೆಗಿದ್ದ ಎಂಟು ಜನಕ್ಕೂ ಮಾತಿನ ಅರ್ಥ ಗೊತ್ತಾಯಿತು, ಎಂಟು ಜನವೂ ತಲೆ ತಗ್ಗಿಸಿ ಅಂಟು ಕಲಸಿದರು. ಆಮೇಲೆ ಅವರಲ್ಲೊಬ್ಬ ಎದ್ದು ಬಂದು ತಮ್ಮನ ಬೆನ್ನು ತಟ್ಟಿದನಂತೆ. ಎಂಥಾ ಗಂಡಸು!

"ಅಕ್ಕಾ, ರಜಾ ಕೊಟ್ಟಿದಾರೆ. ಹೇಳಿ ಕಳಿಸ್ತಾರಂತೆ" ಎಂದು ತಮ್ಮ ನಗುತ್ತಾ ಬಂದ. ಮರುದಿನದಿಂದ ದಿನಾ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಬಾಗಿಲ ಪಕ್ಕದ ಕುರ್ಚಿಯಲ್ಲಿ ಐದರವರೆಗೂ ಕೂರುತ್ತಿದ್ದ.

ನಮ್ಮ ಯಜಮಾನರು ನನ್ನನ್ನು ಒಳಗೆ ಕರೆದು, "ಪಾಪ, ಏನೂ ಹೇಳ್ಬೇಡ. ನಿಧಾನಕ್ಕೆ ತಾನೇ ಅರ್ಥ ಮಾಡ್ಕೋತಾನೆ" ಎಂದರು. ಹೇಗೆ ಅರ್ಥ ಮಾಡಿಕೊಳ್ಳುತ್ತಾನೋ ಮಹಾರಾಯರೇ ಹೇಳಬೇಕು. ಇವರೋ, ಅಂಗಿ ಗುಂಡಿ ಕಿತ್ತುಹೋಗಿದ್ದಕ್ಕೆ ಎರಡು ದಿನ ಮುಖ ಊದಿಸಿಕೊಂಡು, ಕಾರಣ ನಾನೇ ಕಂಡುಹಿಡಿಯಲಿ ಎಂದು ಕಾಯುವ ಆಸಾಮಿ.

ನಾನೂ ಬಾಯಿಗೆ ಬೀಗ ಹಾಕಿಕೊಂಡೆ. ಭಯ ಅಂದುಕೊಂಡೆ. ಭಯವೇನು, ಸೋಮಾರಿತನ.

ಒಂಬತ್ತನೆಯ ದಿನ ಅವನು ಅಡುಗೆಮನೆ ಬಾಗಿಲಿಗೆ ಬಂದು ನಿಂತ. "ಅಕ್ಕಾ, ಆ ದನಿ ಮತ್ತೆ ಬಂತು. ನಿನ್ನನ್ನ ಕೆಲಸದಿಂದ ಕಿತ್ತು ಬಿಸಾಕಿದಾರೆ ಅಂತಿದೆ. ನಿಜಾನಾ, ಸುಳ್ಳಾ?"

ಇದು ಡಾಕ್ಟರ್ ಹಾಕಿಕೊಟ್ಟ ಕ್ರಮ. ದನಿ ಏನೇ ಹೇಳಲಿ, ಅಕ್ಕನನ್ನು ಕೇಳಬೇಕು. ಅಕ್ಕ ಸುಳ್ಳು ಅಂದರೆ ಸುಳ್ಳು. ಇಷ್ಟು ವರ್ಷ ಅವನನ್ನು ಆಸ್ಪತ್ರೆಯಿಂದ ಆಚೆ ಇಟ್ಟಿದ್ದು ಮಾತ್ರೆಯಷ್ಟೇ ಅಲ್ಲ, ನನ್ನ ಈ ಒಂದು ಮಾತು. ಊರಿಗೆ ಊರೇ ಅಡ್ಡಗೋಡೆ ಮೇಲೆ ದೀಪ ಇಟ್ಟು ಕೂತಿದ್ದಾಗ, ನೇರವಾಗಿ ಮಾತಾಡಿದ್ದು ಆ ಹಾಳು ದನಿಯೊಂದೇ.

"ಸುಳ್ಳು ಕಣೋ" ಎಂದೆ.

ಅವನು ತಲೆಯಾಡಿಸಿದ. ತಾನೇ ಬಸ್ಸು ಹಿಡಿದು ಹೋಗಿ, ದನಿ ಜಾಸ್ತಿಯಾಗಿದೆ ಎಂದು ಡಾಕ್ಟರಿಗೆ ಹೇಳಿ, ಮಾತ್ರೆ ಹೆಚ್ಚು ಮಾಡಿಸಿಕೊಂಡು ಬಂದ. ಆಮೇಲೆ ಅವನಿಗೆ ಲೋಟ ಹಿಡಿದರೆ ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು, ಜೊಲ್ಲಿನಿಂದ ದಿಂಬು ಒದ್ದೆಯಾಗುತ್ತಿತ್ತು. ನನ್ನ ಸುಳ್ಳಿಗೆ ಅವನು ಮಾತ್ರೆ ನುಂಗುತ್ತಿದ್ದ, ನಾನು ದಿಂಬಿನ ಬಟ್ಟೆ ಒಗೆಯುತ್ತಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು!

ಹದಿನಾರನೆಯ ದಿನ ಮತ್ತೆ ಬಂದ. "ಅದು ಹೋಗ್ತಾನೇ ಇಲ್ಲ ಅಕ್ಕಾ. ಇನ್ನೂ ಜಾಸ್ತಿ ಮಾಡಿ ಅಂತ ಕೇಳ್ಲಾ?"

"ಬೇಡ. ಅದು ಹೇಳಿದ್ದು ನಿಜ. ನಿನ್ನನ್ನ ತೆಗೆದುಹಾಕಿದಾರೆ."

"ನಿನಗೆ ಯಾವಾಗ ಗೊತ್ತಾಯ್ತು?"

"ನೀನು ರಜಾ ಅಂತ ಬಂದು ಹೇಳಿದೆಯಲ್ಲ, ಆವತ್ತೇ."

ಕೂಗಾಡುತ್ತಾನೆ ಎಂದುಕೊಂಡೆ. ಇಲ್ಲ, ಚಪ್ಪಲಿ ಮೆಟ್ಟಿಕೊಂಡ. "ಅವರ ಬಾಯಲ್ಲೇ ಕೇಳ್ಬೇಕು" ಎಂದ. ನಾನೂ ಹಿಂದೆ ಹೋದೆ.

ಮಾಲೀಕ ನಮ್ಮನ್ನು ಕಂಡಿದ್ದೇ ಹಲ್ಲು ಕಿರಿದ. "ಬಾಪ್ಪಾ ಬಾ! ಏನು ಇಷ್ಟು ಇಳಿದುಹೋಗಿದೀಯ?"

"ನನ್ನನ್ನ ತೆಗೆದುಹಾಕಿದೀರಾ, ಇಲ್ವಾ?"

"ಛೆ ಛೆ, ತೆಗೆಯೋದು ಅಂತೇನಿಲ್ಲ... ಸದ್ಯಕ್ಕೆ ಸ್ವಲ್ಪ... ನೋಡೋಣ..." ಎನ್ನುತ್ತಾ ನನ್ನ ಕಡೆ ಕಣ್ಣು ಹೊರಳಿಸಿದ. ಆ ನೋಟ ನನಗೆ ಚೆನ್ನಾಗಿ ಗೊತ್ತು. ನಮ್ಮಿಬ್ಬರಿಗೂ ಅರ್ಥವಾಗಿದೆಯಲ್ಲ, ಇವನನ್ನು ನೀವೇ ಸಾಗಹಾಕಿ ಅನ್ನುವ ನೋಟ. ತಮ್ಮನ ತಲೆ ಮೇಲಿಂದ ಅಂಥ ಎಷ್ಟು ನೋಟಗಳನ್ನು ನಾನು ಯಾರ್ಯಾರ ಜೊತೆ ಕೊಟ್ಟು ತಗೊಂಡಿದ್ದೇನೋ, ಲೆಕ್ಕವಿಲ್ಲ.

"ನನ್ನ ಮುಖದಲ್ಲೇನಿದೆ? ಕೇಳಿದ್ದು ಅವನು. ಅವನಿಗೆ ಹೇಳಿ" ಎಂದೆ.

ಮಾಲೀಕ ತಮ್ಮನ ಕಡೆ ತಿರುಗಿದ. "ಹೂಂ, ತೆಗೆದಿದೀನಿ. ಗಿರಾಕಿ ಮುಂದೆ ನನ್ನ ಮರ್ಯಾದೆ ಕಳೆದೆ ನೀನು."

"ಸರಿ. ಇದನ್ನ ಆವತ್ತೇ ಯಾಕೆ ಹೇಳ್ಲಿಲ್ಲ?" ಎಂದ ತಮ್ಮ. ಅವನಿಗೆ ಚುಚ್ಚಿ ಮಾತಾಡಲು ಬರುವುದಿಲ್ಲ, ನಿಜವಾಗಿಯೂ ತಿಳಿಯಬೇಕಿತ್ತು. ಅಷ್ಟು ಜನ ಬುದ್ಧಿವಂತರೂ ಮತ್ತೆ ಅಂಟು ಕಲಸತೊಡಗಿದರು.

ವಾಪಸ್ ಬರುವಾಗ ನಮ್ಮ ರಸ್ತೆಯ ತಿರುವಿನಲ್ಲಿ ಅವನು ನಿಂತುಬಿಟ್ಟ.

"ಅಕ್ಕಾ, ದನಿ ಹೇಳಿದ್ದನ್ನ ನೀನು ಸುಳ್ಳು ಸುಳ್ಳು ಅಂತಿದ್ದೆಯಲ್ಲ, ಇಷ್ಟು ವರ್ಷ. ಅದರಲ್ಲಿ ಇನ್ನು ಯಾವ್ಯಾವುದು ನಿಜ?"

ನಾನೂ ನಿಂತೆ.

"ನಮ್ಮ ಅಣ್ಣನ ಫೋನ್ ಕೆಟ್ಟಿದೆ ಅಂತಿದ್ದೆನಲ್ಲ, ಕೆಟ್ಟಿಲ್ಲ" ಎಂದೆ. "ನಿನ್ನ ಜೊತೆ ಮಾತಾಡೋಕೆ ಅವನಿಗೆ ನಾಚಿಕೆ."

"ಆಮೇಲೆ?"

"ಪಕ್ಕದ ಮನೆಯಾಕೆ ನೀನಿದ್ದಾಗ ಮಗೂನ ಕಳಿಸಲ್ಲ. ಮಗೂಗೆ ಹುಷಾರಿಲ್ಲ ಅನ್ನೋದೆಲ್ಲ ಸುಳ್ಳು."

"ನಿಧಾನಕ್ಕೆ ಹೇಳು. ಒಂದೊಂದೇ."

ಒಂದೊಂದೇ ಹೇಳಿದೆ. ನಮ್ಮ ಯಜಮಾನರದ್ದು ಹೇಳಿದೆ, ನನ್ನದೂ ಹೇಳಿದೆ. ಅವನು ತಲೆಯಾಡಿಸುತ್ತಾ ಪಕ್ಕದಲ್ಲೇ ನಡೆದ. ಮನೆ ಬಂತು, ನನ್ನ ಮಾತು ಮುಗಿದಿರಲಿಲ್ಲ. ಒಳಗೆ ಹೋಗದೆ ಇಬ್ಬರೂ ಇನ್ನೊಂದು ಸುತ್ತು ಹೊರಟೆವು.