ಶಾವಂತ್ರವ್ವನ ಕೈಗೆ ಬಂದ ದೋಟಿ

ಮೊದಲಿಗೇ ಕ್ಷಮೆ ಕೇಳುತ್ತೇನೆ. ನಾನು ಒಂದು ದೋಟಿ. ಉದ್ದನೆಯ ಬಿದಿರ ಗಳ, ತುದಿಗೊಂದು ಕಬ್ಬಿಣದ ಕೊಕ್ಕೆ. ಕೊಂಬೆ ಬಾಗಿಸುವುದು ನನ್ನ ಕಸುಬು, ಕಥೆ ಹೇಳುವುದಲ್ಲ. ನಾಲ್ಕಕ್ಷರ ಕಲಿತದ್ದು ಹೆಂಗಸರ ಸಂಜೆ ಶಾಲೆಯಲ್ಲಿ, ಮೂಲೆಗೆ ಒರಗಿ ನಿಂತು. ಅದರಲ್ಲೂ ಒತ್ತಕ್ಷರದ ಪಾಠ ನಡೆದಾಗ ಯಾರೋ ನನ್ನನ್ನು ಹೊರಗೆ ಮರೆತಿದ್ದರು. ತಪ್ಪಿದ್ದರೆ ತಿದ್ದಿಕೊಳ್ಳಿ.

ಹುಟ್ಟಿದ್ದು ಯಾವುದೋ ಕಾಡಂಚಿನ ಬಿದಿರ ಮೆಳೆಯಲ್ಲಿ. ಗದಗಿನ ಮೇದಾರ ಓಣಿಯಲ್ಲಿ ಒಬ್ಬಾಕೆ ನನ್ನ ಗೆಣ್ಣುಗಳನ್ನು ಸವರಿ, ಬೆಂಕಿಗೆ ಹಿಡಿದು ನೆಟ್ಟಗೆ ಮಾಡಿದಳು. ಕಮ್ಮಾರ ಕೊಕ್ಕೆ ತೊಡಿಸಿದ. ಮೊದಲ ಒಡೆಯ ಆಡು ಸಾಕುವ ಬುಡನ್‌ಸಾಬ. ಅವನು ನನ್ನನ್ನು ಬೇವಿನ ಕೊಂಬೆಗೆ ಸಿಕ್ಕಿಸಿದರೆ ಆಡುಗಳೆಲ್ಲ ಕತ್ತೆತ್ತಿ ನನ್ನನ್ನು ದೇವರಂತೆ ನೋಡುತ್ತಿದ್ದವು. ಸೊಪ್ಪು ಬಿದ್ದ ಕೂಡಲೇ ಮರೆತುಬಿಡುತ್ತಿದ್ದವು. ಕಣ್ಣು ಮಂಜಾದ ಮೇಲೆ ಬುಡನ್‌ಸಾಬ ಆಡುಗಳನ್ನು ಮಾರಿ, ನನ್ನನ್ನು ಬಡಾವಣೆಯ ಉದ್ಯಾನಕ್ಕೆ ತಂದುಕೊಟ್ಟ. ಗಿಡದ ಸಂಗಡ ಇದ್ದದ್ದು ಗಿಡದ ಕಡೆಗೇ ಇರಲಿ ಎಂದನಂತೆ.

ಉದ್ಯಾನದ ಮೊದಲ ಬೆಳಗು ನನಗೆ ಒಗಟಾಯಿತು. ಜನ ಸಾಲಾಗಿ ನಿಂತು ಕೈ ಮೇಲೆತ್ತುತ್ತಿದ್ದರು. ಮೇಲೆ ಕಾಯಿರಲಿಲ್ಲ, ಸೊಪ್ಪಿರಲಿಲ್ಲ. ಖಾಲಿ ಕೈಯನ್ನು ಇಳಿಸಿ ಮತ್ತೆ ಎತ್ತುತ್ತಿದ್ದರು. ಏನು ಕೀಳುತ್ತಿದ್ದಾರೆ ಇವರು? ಇದಕ್ಕೆ ವ್ಯಾಯಾಮ ಎನ್ನುತ್ತಾರೆಂದು ತಿಳಿಯಲು ನನಗೆ ಬಹಳ ದಿನ ಹಿಡಿಯಿತು.

ಎದುರಿಗೆ ಸೀಟಿ ಊದುತ್ತಿದ್ದವರು ನಿವೃತ್ತ ಪಿ.ಟಿ. ಮಾಸ್ತರು ಫಕ್ಕೀರೇಶಪ್ಪ. ಅದೇ ಉದ್ಯಾನದಲ್ಲಿ ನಡೆಯುವ ಸಂಜೆ ಶಾಲೆಯೂ ಅವರದೇ. ಬರೀ ಗಾಳಿ ಎತ್ತುವ ಬದಲು ಗಿಡಕ್ಕಾದರೂ ಉಪಯೋಗವಾಗಲಿ ಎಂದು ಅವರು ವ್ಯಾಯಾಮದ ಜೊತೆಗೆ ಉದ್ಯಾನದ ಕೆಲಸವನ್ನೂ ಸೇರಿಸಿದ್ದರು. ನೀರಿನ ಕೊಡ ಸೊಂಟಕ್ಕೆ, ಸಲಿಕೆ ಬೆನ್ನಿಗೆ, ದೋಟಿ ತೋಳಿಗೆ ಎಂದು ಹಂಚುತ್ತಿದ್ದರು. ಕೊಂಬೆಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಚೀಲ, ಕಾರಹುಣ್ಣಿಮೆಯ ಗಾಳಿಪಟದ ದಾರ ತೆಗೆಯುವುದು ನನ್ನ ಪಾಲು.

ಒಂದು ದಿನ ನಾನು ಶಾವಂತ್ರವ್ವನ ಕೈಗೆ ಬಂದೆ. ಮನೆಗೆ ಸೊಸೆ ತಂದಾಕೆ, ಎತ್ತರದ ಆಳು, ಮಾತು ಕಡಿಮೆ. ಮಾಸ್ತರು “ಕೈ ಎತ್ರಿ” ಎಂದಾಗ ಹೆಂಗಸರೆಲ್ಲ ಒಂದು ಕೈ ಮಾತ್ರ ಎತ್ತುತ್ತಿದ್ದರು; ಇನ್ನೊಂದು ತಲೆಯ ಮೇಲಿನ ಸೆರಗು ಜಾರದಂತೆ ಎದೆಯ ಬಳಿ ಅದರ ಅಂಚನ್ನು ಹಿಡಿದಿರುತ್ತಿತ್ತು. ಶಾವಂತ್ರವ್ವನೂ ಹಾಗೆಯೇ. ಆದ್ದರಿಂದ ಅವಳ ಬಲಗೈ ಎದೆಯ ಮಟ್ಟಕ್ಕಿಂತ ಮೇಲೆ ಏಳುವುದೇ ಇಲ್ಲವೆಂದು ಯಾರಿಗೂ ತಿಳಿದಿರಲಿಲ್ಲ. ನನಗೆ ಎರಡೂ ಕೈ ಬೇಕು. ನನ್ನನ್ನು ಎತ್ತಲು ಹೋದಳು; ತೋಳು ಅರ್ಧಕ್ಕೇ ನಿಂತು ನಡುಗಿತು. ನೋವು ಬಿದಿರಿನೊಳಗೂ ಇಳಿದ ಹಾಗಾಯಿತು. ನಾನು ಹೆಚ್ಚು ಹೇಳುತ್ತಿರಬಹುದು.

ಅವಳು ನನ್ನ ಬಳಿ ಮೆಲ್ಲಗೆ ಗೊಣಗುತ್ತಿದ್ದಳು. ತುರುಬನ್ನೂ ಸೊಸೆಯೇ ಕಟ್ಟಬೇಕು. ಸೊಸೆಯ ಬಾಯಿಯನ್ನು ಹೇಗೋ ಕಟ್ಟಿದ್ದಾಳೆ. ಮಗನಿಗೆ ಗೊತ್ತಾದರೆ, “ಸಾಕಬೇ ಯವ್ವಾ, ಇನ್ನ ಮನ್ಯಾಗ ಕೂಡು” ಎನ್ನುತ್ತಾನೆ. ಆಮೇಲೆ ಉದ್ಯಾನವೂ ಇಲ್ಲ, ಸಂಜೆ ಶಾಲೆಯೂ ಇಲ್ಲ. ಅವಳಿಗಿದ್ದ ಹೊರಗಿನ ಲೋಕ ಅಷ್ಟೇ.

ಅವಳ ತೋಳು ಅರ್ಧಕ್ಕೇ ನಿಂತದ್ದನ್ನು ಮಾಸ್ತರು ದೂರದಿಂದಲೇ ನೋಡಿದರು.

ಅಂದು ಸಂಜೆ ಶಾಲೆ ಬಿಟ್ಟ ಮೇಲೆ ಅವರು ಜೇಬಿನಿಂದ ಒಂದು ನೀಲಿ ಚೀಲ ತೆಗೆದು, ನನ್ನ ಕೊಕ್ಕೆಗೆ ಸಿಕ್ಕಿಸಿ, ಹೊಂಗೆಯ ತಗ್ಗು ಕೊಂಬೆಗೆ ತೊಡಿಸಿದರು. ಕಸ ತೆಗೆಯುವ ನನ್ನಿಂದಲೇ ಕಸ ಹಾಕಿಸುತ್ತಿದ್ದಾರಲ್ಲ ಎಂದು ನನಗೆ ಗಾಬರಿ. ಬೆಳಿಗ್ಗೆ, “ಶಾವಂತ್ರವ್ವ, ಆ ಚೀಲ ನಿನ್ನ ಪಾಲಿಂದು” ಎಂದರು. ಅದು ಅವಳಿಗೆ ಎಟುಕುವಷ್ಟೇ ಎತ್ತರದಲ್ಲಿತ್ತು. ಮರುದಿನ ಇನ್ನೊಂದು, ಬೆರಳಷ್ಟು ಮೇಲೆ. ಹೀಗೆ ಚಳಿಗಾಲ ಕಳೆಯಿತು. ಅವಳ ತೋಳು ಚೀಲದ ಹಿಂದೆಯೇ ಏರುತ್ತ ಬಂತು.

ಆದರೆ ಊರಿಗೂ ಕಣ್ಣಿದೆ. ದಿನಾ ಗುಡಿಸಿದ ಉದ್ಯಾನದಲ್ಲಿ ದಿನಾ ಹೊಸ ಚೀಲ ನೇತಾಡಿದರೆ? ಬಡಾವಣೆ ಸಮಿತಿಯ ಅಧ್ಯಕ್ಷ ಅಂದಾನೆಪ್ಪ ಇಬ್ಬರನ್ನು ಕಟ್ಟಿಕೊಂಡು ಒಂದು ಸಂಜೆ ಮೆಹಂದಿ ಬೇಲಿಯ ಹಿಂದೆ ಕಾದು ಕುಳಿತ. ಮಾಸ್ತರು ಅಂದು ಎಲ್ಲಕ್ಕಿಂತ ಎತ್ತರದ ಕೊಂಬೆಗೆ ಚೀಲ ತೊಡಿಸಿ ನನ್ನನ್ನು ಇಳಿಸುವಾಗಲೇ ಸಿಕ್ಕಿಬಿದ್ದರು.

“ಮುಂಜಾನೆ ಕಸ ತಗಿಯೂದು, ಸಂಜಿಕ ಕಸ ಕಟ್ಟೂದು. ಇದೂ ಒಂದ ವ್ಯಾಯಾಮ ಏನ್ರಿ ಮಾಸ್ತರ?” ಎಂದ ಅಂದಾನೆಪ್ಪ.

ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ಶಾವಂತ್ರವ್ವನ ತೋಳು ಊರಿನ ಬಾಯಿಗೆ ಬೀಳುತ್ತಿತ್ತು. “ತಪ್ಪಾತ್ರಿ” ಎಂದರು, ಅಷ್ಟೇ.

“ಹಂಗಾರ ಸೀಟಿ ಕೊಡ್ರಿ ಇಲ್ಲೆ.”

ಮಾಸ್ತರು ಕೊರಳಿಂದ ಸೀಟಿಯ ದಾರ ತೆಗೆಯತೊಡಗಿದರು. ಶಾಲೆ ಬಿಟ್ಟು ಹೊರಟಿದ್ದ ಹೆಂಗಸರು ಗೇಟಿನ ಬಳಿ ನಿಂತು ನೋಡುತ್ತಿದ್ದರು. ಅವರ ನಡುವಿಂದ ಶಾವಂತ್ರವ್ವ ತಿರುಗಿ ಬಂದಳು.

“ಸೀಟಿ ಇರ್ಲಿ ಬಿಡ್ರಿ. ಆ ಚೀಲ ನಂದು.”

ನನ್ನನ್ನು ಎರಡೂ ಕೈಯಲ್ಲಿ ಹಿಡಿದಳು. ಬಲಗೈ ಎದೆ ದಾಟಿತು, ಹೆಗಲು ದಾಟಿತು, ಕಿವಿಯ ಬಳಿ ತಡೆದು ನಡುಗಿತು. ಸೆರಗು ಜಾರಿ ಬೆನ್ನಿಗೆ ಬಿತ್ತು. ಹಿಡಿಯಲು ಕೈ ಇರಲಿಲ್ಲ, ಅವಳಿಗೆ ಗಮನವೂ ಇರಲಿಲ್ಲ. ಚೀಲ ಕೆಳಗೆ ಬಂತು.

“ದೀಪಾವಳ್ಯಾಗ ಈ ಕೈ ಎದಿ ದಾಟತಿದ್ದಿಲ್ಲ. ಮಾಸ್ತರು ದಿನಾ ಚೀಲ ಸ್ವಲ್ಪ ಸ್ವಲ್ಪ ಮ್ಯಾಲೆ ಕಟ್ಟಿ ಏರಿಸ್ಯಾರ. ನನ್ನ ಮಗಗ ಹೇಳೂದಿದ್ರ ಹೋಗಿ ಹೇಳ್ರಿ.”

ಅಂದಾನೆಪ್ಪ ಮಾಸ್ತರ ಹತ್ತಿರ ಸರಿದ. ಆಮೇಲೆ ತಗ್ಗಿದ ದನಿಯಲ್ಲಿ, “ನನ್ನ ಮಣಕಾಲಿಗೂ ಏನರ ಕಟ್ಟಾಕ ಬರ್ತೈತೇನ್ರಿ ಮಾಸ್ತರ?” ಎಂದು ಕೇಳಿದ.

ಮಗನಿಗೆ ಸುದ್ದಿ ಮುಟ್ಟಿಯೇ ಮುಟ್ಟಿತು. ಮರುಬೆಳಿಗ್ಗೆ ಗೇಟಿಗೆ ಬಂದು ನಿಂತ. “ಕೈ ಎತ್ತಬೇ” ಎಂದ. ಎತ್ತಿದಳು. ಅವನು ನೋಡಿದ, ತಲೆ ಕೆರೆದುಕೊಂಡ, ಸೈಕಲ್ ತಿರುಗಿಸಿಕೊಂಡು ಹೋದ. ಶಾವಂತ್ರವ್ವ ಸಾಲಿನಲ್ಲಿ ತನ್ನ ಜಾಗಕ್ಕೆ ಹೋಗಿ ನಿಂತಳು.

ಈಗ ನನ್ನ ಗಳ ಸೀಳಿದೆ. ಕೊಕ್ಕೆ ಬಿಚ್ಚಿ ಹೊಸ ಪೈಪಿಗೆ ಹಾಕಿದ್ದಾರೆ. ನನ್ನನ್ನು ಒಂದು ಎಳೆಯ ಬೇವಿನ ಪಕ್ಕ ನೆಟ್ಟು, ಅದನ್ನು ನನಗೆ ಕಟ್ಟಿದ್ದಾರೆ. ಗಾಳಿ ಬಂದರೆ ಅದು ನನ್ನ ಮೇಲೆ ಒರಗುತ್ತದೆ. ಯಾರು ಯಾರನ್ನು ಎತ್ತಿ ಹಿಡಿಯುತ್ತಾರೆಂದು ಹೊರಗಿನಿಂದ ನೋಡಿದವರಿಗೆ ತಿಳಿಯುವುದು ಕಷ್ಟ.

ಒಂದು ಸಂಗತಿ ನನಗೂ ತಿಳಿದಿಲ್ಲ. ಆ ಚೀಲಗಳು ತನಗಾಗಿಯೇ ನೇತಾಡುತ್ತಿವೆ ಎಂದು ಶಾವಂತ್ರವ್ವನಿಗೆ ಗೊತ್ತಾದದ್ದು ಯಾವಾಗ? ಮೊದಲ ದಿನವೇ ತಿಳಿದು ಸುಮ್ಮನಿದ್ದಳೋ, ಆ ಸಂಜೆ ಗೇಟಿನಲ್ಲಿ ನಿಂತಾಗ ಹೊಳೆಯಿತೋ. ಮಾಸ್ತರು ಕೇಳಲಿಲ್ಲ, ಅವಳು ಹೇಳಲಿಲ್ಲ. ಇಬ್ಬರ ಕೈಯಲ್ಲೂ ಇದ್ದದ್ದು ನಾನೇ, ನನಗೂ ಗೊತ್ತಾಗಲಿಲ್ಲ.