ಹಿಂಬಾಗಿಲಿನ ಫೋಟೋ

ಸರ್ಕಾರಿ ಜನವನ್ನು ನಾನು ನಮ್ಮ ಮಾವನವರ ಕಾಲದಿಂದ ನೋಡಿದವಳು. ಅಂಗಡಿ ಪರಿಶೀಲನೆಗೆಂದು ಬಂದ ಯಾವನೂ ಮುಂದಿನ ಕುರ್ಚಿ ದಾಟಿ ಒಳಗೆ ಹೋದದ್ದಿಲ್ಲ. ಹಾಗಾಗಿ ಸೊಸೆಯ ಹೊಸ ಬೇಕರಿಗೆ ಲೈಸೆನ್ಸಿನವರು ಬರುವ ದಿನ ಮುಂಭಾಗವನ್ನು ಗುಡಿಸಿ ಒರೆಸಿ, ಮೆತ್ತೆಯ ಕುರ್ಚಿ ಹಾಕಿ, ಎದುರಿಗೆ ಫ್ಯಾನ್ ಇಟ್ಟೆ. ಕಣ್ಣಿಗೆ ಚುಚ್ಚುತ್ತಿದ್ದ ಮೈದಾ ಮೂಟೆಗಳನ್ನೆಲ್ಲ ಹಿಂದಕ್ಕೆ ಸಾಗಿಸಿದೆ. ನನ್ನ ಕೈಚೀಲದಲ್ಲಿ ಒಂದು ಲಕೋಟೆಯೂ ಸಿದ್ಧವಿತ್ತು.

ಸೊಸೆಯದು ಒಂದೇ ಹಠ. "ಅತ್ತೆ, ಲಂಚ ಅಂತ ಒಂದು ಬಿಡಿಗಾಸು ಕೊಟ್ರೂ ನಾನು ಓವನ್ ಹಚ್ಚಲ್ಲ. ಈಗೆಲ್ಲಾ ಫೋನಲ್ಲೇ ಆಗುತ್ತೆ."

ಹಠದಲ್ಲಿ ಅವಳು ನನಗಿಂತ ಒಂದು ಕೈ ಮೇಲು. ಇದ್ದ ಕೆಲಸ ಬಿಟ್ಟು, ಒಡವೆ ಮಾರಿ ಓವನ್ ತಂದಿದ್ದಳು. ಈ ಸಲ ತಪ್ಪಿದರೆ ಅರ್ಜಿ ಮತ್ತೆ ಸಾಲಿನ ಕೊನೆಗೆ. ಅಲ್ಲಿಯವರೆಗೆ ಖಾಲಿ ಅಂಗಡಿಗೆ ಬಾಡಿಗೆ ಕಟ್ಟುವ ತಾಕತ್ತು ನಮಗಿರಲಿಲ್ಲ. ಫೋನನ್ನು ನಂಬಿ ಕೂರಲು ನನಗೇನು ಹುಚ್ಚೇ?

ಪರಿಶೀಲಕ ಬಂದ. ಹೊಟ್ಟೆ ಮೊದಲು, ಅವನು ಆಮೇಲೆ. ಕುರ್ಚಿಯನ್ನು ಆಸೆಯಿಂದ ನೋಡಿ ನಿಟ್ಟುಸಿರು ಬಿಟ್ಟ.

"ಕೂರೋ ಹಾಗಿಲ್ಲಮ್ಮ. ಒಂದೊಂದು ವಸ್ತು ಇರೋ ಜಾಗಕ್ಕೇ ಹೋಗಿ ಫೋಟೋ ತೆಗೀಬೇಕು ಅನ್ನುತ್ತೆ ಈ ಫೋನು. ಮನೇಲಿ ಹೆಂಡ್ತೀನೂ ಇಷ್ಟು ಕೆಲಸ ಹೇಳಲ್ಲ."

ಓವನ್, ಹೊಗೆ ಕೊಳವೆ, ನಲ್ಲಿ ಎಲ್ಲದರ ಫೋಟೋ ಆಯಿತು. ಕೊನೆಗೆ ಕೇಳಿದ, "ಹಿಂಬಾಗಿಲೆಲ್ಲಿ? ಬೆಂಕಿ ಬಿದ್ರೆ ಓಡೋಕೆ ದಾರಿ ಬೇಕಲ್ಲ?"

ಬಾಗಿಲು ನನ್ನ ಮೂಟೆಗಳ ಹಿಂದೆ ಇತ್ತು. ಸೊಸೆ ನನ್ನ ಮುಖ ನೋಡಿದಳು. ಬೈದಿದ್ದರೆ ವಾಸಿಯಿತ್ತು.

ನಾನು ಲಕೋಟೆ ತೆಗೆದೆ. "ಬಾಗಿಲು ಇದೆ ಅಂತ ಬರ್ಕೊಂಡ್ಬಿಡಿ ಸ್ವಾಮಿ."

ಅವನ ಕಣ್ಣು ಲಕೋಟೆಯ ಮೇಲೆ ಕೂತೇಬಿಟ್ಟಿತು. ಕೈ ಅರ್ಧದವರೆಗೆ ಬಂದು ಹಿಂದೆ ಸರಿಯಿತು.

"ನಾನೇನೋ ತಿಂತೀನಮ್ಮ, ಈ ಫೋನು ತಿನ್ನಲ್ವಲ್ಲ! ಮೂಟೆ ಫೋಟೋನ ಬಾಗಿಲು ಅಂತ ಕಳಿಸಿದ್ರೆ ನನ್ನ ಕೆಲಸ ಹೋಗುತ್ತೆ. ಲೈಸೆನ್ಸ್ ಕೊಡೋಕಾಗಲ್ಲ ಅಂತ ಹಾಕಿದ್ರೂ ಯಾಕೆ ಅಂತ ನಾನೇ ಉದ್ದಕ್ಕೆ ಬರೀಬೇಕು. ಹಿಡೀರಿ ಆ ಕಡೆ!"

ಅಂಗಿಯ ತೋಳು ಮಡಚಿ ಮೂಟೆಗೆ ಕೈಹಾಕಿದ. ಸರ್ಕಾರಿ ಕೈಯಲ್ಲಿ ಮೂಟೆ ಏಳುವುದನ್ನು ನನ್ನ ಜನ್ಮದಲ್ಲಿ ಮೊದಲ ಸಲ ನೋಡಿದೆ. ಮೂವರೂ ಬೆವರಿ, ಹಿಟ್ಟು ಮೆತ್ತಿಕೊಂಡು ಬಾಗಿಲು ಬಿಡಿಸಿದೆವು. ಅದನ್ನು ತೆರೆದಾಗ ಅಂಗಡಿಯೊಳಗೆ ಬಿಸಿಲು ಬಿತ್ತು.

ಫೋಟೋ ಹೋದ ಸ್ವಲ್ಪ ಹೊತ್ತಿಗೆ ಸೊಸೆಯ ಫೋನು ಸದ್ದು ಮಾಡಿತು. ಲೈಸೆನ್ಸ್! ಓದಿದವಳೇ ನನ್ನನ್ನು ತಬ್ಬಿಕೊಂಡು ಅತ್ತಳು. ನನಗೂ ಕಣ್ಣು ತುಂಬಿತು, ಅರ್ಧ ಸಂತೋಷಕ್ಕೆ, ಅರ್ಧ ನಾಚಿಕೆಗೆ.

"ಹೊಟ್ಟೆ ಹಸೀತಿದೆ, ತಿನ್ನೋಕೆ ಏನಾದ್ರೂ ಇದ್ಯಾ?" ಎಂದ ಪರಿಶೀಲಕ. ರುಚಿ ನೋಡಲು ಮನೆಯಲ್ಲಿ ಬೇಯಿಸಿ ತಂದಿದ್ದ ಬನ್ನನ್ನು ಸೊಸೆ ಕೊಟ್ಟಳು. ತಿನ್ನುತ್ತಲೇ ಬಾಗಿಲ ಕಡೆ ನಡೆದ. ಇಷ್ಟು ವರ್ಷದ ಅಭ್ಯಾಸ.

ನಾನು ಅಡ್ಡ ನಿಂತೆ. ಬೆಳಿಗ್ಗೆಯಿಂದ ಕೊಡಲು ತವಕಿಸುತ್ತಿದ್ದ ಕೈಯನ್ನೇ ಅವನ ಮುಂದೆ ಚಾಚಿದೆ.

"ಬನ್ನಿನ ದುಡ್ಡು, ಸ್ವಾಮಿ?"

ಅವನು ಒಂದೊಂದೇ ಜೇಬು ತಡಕಾಡಿದ. ದುಡ್ಡು ಯಾವುದರಲ್ಲಿದೆ ಎಂದು ಅವನಿಗೇ ನೆನಪಿರಲಿಲ್ಲ, ಪಾಪ. ನಮ್ಮ ಬೋಣಿ ಆದದ್ದು ಹಾಗೆ.